ಹಳೇ ಕಂಪ್ಯೂಟರಿಗೆ ಲಿನಕ್ಸ್: ಎಲ್ಲಿ ನಿಂತಿತು ಅಂತ ಮೊದಲು ನೋಡಿ



ಕಂಪ್ಯೂಟರಿನ ಡಬ್ಬಿ, ಪರದೆ, ಕೀಬೋರ್ಡು ಎಲ್ಲಾ ಇದ್ದರೂ ಅವನ್ನು ಒಟ್ಟಿಗೆ ದುಡಿಸಲು ಒಂದು ಮೂಲ ತಂತ್ರಾಂಶ ಬೇಕು. ಅದೇ ಆಪರೇಟಿಂಗ್ ಸಿಸ್ಟಂ. ನಮಗೆಲ್ಲ ಗೊತ್ತಿರುವುದು ವಿಂಡೋಸ್. ಆದರೆ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಕಂಪನಿಯ ಬೆಂಬಲ ನಿಂತಿತು. ಹೊಸ ವಿಂಡೋಸ್ ಹಳೇ ಯಂತ್ರಕ್ಕೆ ಭಾರ. "ಹಾಗಾದ್ರೆ ಗುಜರಿಗೆ ಹಾಕೋಣ" ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ.

ಇನ್ನೊಂದು ದಾರಿ ಇದೆ, ಲಿನಕ್ಸ್. ಇದರ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯಲು ಶುರು ಮಾಡಿದರು. ಅದನ್ನು ಬಳಸಿ ಕಟ್ಟಿದ ಒಂದು ವ್ಯವಸ್ಥೆ ಡೆಬಿಯನ್. ಅದು 1993ರಲ್ಲಿ ಆರಂಭವಾಯಿತು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ನಕಲು ಮಾಡಿ ಪಕ್ಕದ ಶಾಲೆಗೆ ಕೊಟ್ಟರೂ ತಪ್ಪಲ್ಲ.

ವಿಜ್ಞಾನದ ಮೇಷ್ಟ್ರ ಜೊತೆ ನಾವು ಕೆಲವರು ನಮ್ಮ ಲ್ಯಾಬಿನ ನಾಲ್ಕು ಹಳೇ ಯಂತ್ರಗಳಿಗೆ ಡೆಬಿಯನ್ ಹಾಕಿ ನೋಡಿದೆವು. ಅಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಮುಖ್ಯ ಪಾಠ ಒಂದೇ: "ಆಗ್ಲಿಲ್ಲ" ಅಂತ ಹೇಳಿ ಕೈಬಿಡಬಾರದು. "ಎಲ್ಲಿ ನಿಂತಿತು?" ಅಂತ ಕೇಳಬೇಕು. ಡಾಕ್ಟರು ಮೊದಲು ಎಲ್ಲಿ ನೋವು ಅಂತ ಕೇಳೋದಿಲ್ಲವೇ, ಹಾಗೆ.

ಶುರು ಮಾಡುವ ಮುಂಚೆ

ಹೆಡ್‌ಮಾಸ್ಟರ ಒಪ್ಪಿಗೆ ಪಡೆಯಬೇಕು. ಲಿನಕ್ಸ್ ಹಾಕುವಾಗ ಹಾರ್ಡ್ ಡಿಸ್ಕ್ ಅಳಿಸಿಹೋಗಬಹುದು. ಆದ್ದರಿಂದ ಅಂಕಪಟ್ಟಿ, ಪತ್ರ, ಫೋಟೋ ಏನಿದ್ದರೂ ಮೊದಲೇ ಬೇರೆ ಕಡೆ ನಕಲು ಮಾಡಿಡಬೇಕು. ಡಬ್ಬಿ ಬಿಚ್ಚುವಾಗ ಕರೆಂಟಿನ ವೈರು ಪೂರ್ತಿ ಕಿತ್ತಿರಬೇಕು. ಒಳಗಿರುವ ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬೇಡಿ. ವೈರು ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ.

1. ಪರದೆಯಲ್ಲಿ ಏನೂ ಬರದಿದ್ದರೆ

ಇದು ಲಿನಕ್ಸಿನ ದೋಷ ಅಲ್ಲ. ಲಿನಕ್ಸ್ ಇನ್ನೂ ಒಳಗೇ ಬಂದಿಲ್ಲ! ಪೀಂ ಪೀಂ ಸದ್ದು ಬಂದರೆ ಹೆಚ್ಚಾಗಿ ರ್‍ಯಾಮ್ ಪಟ್ಟಿ ಸರಿಯಾಗಿ ಕೂತಿರುವುದಿಲ್ಲ. ಪಟ್ಟಿ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿ.

ಗಡಿಯಾರ ಪ್ರತಿ ಸಲ ಹಳೇ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಅದು ಸಿಆರ್ 2032, 3 ವೋಲ್ಟಿನದು. ಇದನ್ನು ಸಣ್ಣ ವಿಷಯ ಅನ್ನಬೇಡಿ. ತಾರೀಖು ತಪ್ಪಿದ್ದರೆ ಆಮೇಲೆ ಇಂಟರ್‌ನೆಟ್‌ನಿಂದ ತಂತ್ರಾಂಶ ತರುವಾಗ "ಈ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ" ಅಂತ ಡೆಬಿಯನ್ ತಕರಾರು ಮಾಡುತ್ತದೆ.

2. ಡಿಸ್ಕ್ ಹಾಕಿದರೂ ಅದರಿಂದ ಶುರುವಾಗದಿದ್ದರೆ

ಯಂತ್ರ ಮೊದಲು ಹಾರ್ಡ್ ಡಿಸ್ಕನ್ನೇ ನೋಡುತ್ತಿರಬಹುದು. ಆನ್ ಮಾಡಿದ ಕೂಡಲೇ ಪರದೆಯ ಕೆಳಗೆ ಯಾವ ಕೀ ಒತ್ತಬೇಕು ಅಂತ ಬರುತ್ತದೆ. ಡಿಲೀಟ್, ಎಫ್ 2, ಎಫ್ 12, ಹೀಗೆ ಕಂಪನಿಗೊಂದು. ಅಲ್ಲಿ ಡಿ.ವಿ.ಡಿ. ಅಥವಾ ಪೆನ್ ಡ್ರೈವನ್ನು ಮೊದಲ ಸ್ಥಾನಕ್ಕೆ ತನ್ನಿ. ತುಂಬಾ ಹಳೇ ಯಂತ್ರಗಳು ಪೆನ್ ಡ್ರೈವಿನಿಂದ ಶುರುವಾಗೋದೇ ಇಲ್ಲ. ಸಿ.ಡಿ. ಮಾತ್ರ ಓದುವ ಡ್ರೈವಿಗೆ ಡಿ.ವಿ.ಡಿ. ಹಾಕಿದರೂ ಪ್ರಯೋಜನವಿಲ್ಲ.

ಇಳಿಸಿಕೊಂಡ ಐ.ಎಸ್.ಓ. ಕಡತವನ್ನು ಡಿಸ್ಕಿಗೆ ಸುಮ್ಮನೆ ನಕಲು ಮಾಡಿದರೆ ಸಾಲದು. ಅದನ್ನು "ಇಮೇಜ್" ಆಗಿ ಬರೆಯಬೇಕು. ಡಿಸ್ಕ್ ತೆರೆದಾಗ ಒಂದೇ ಒಂದು ಕಡತ ಕಂಡರೆ ಬರೆದದ್ದು ಸರಿಯಿಲ್ಲ ಅಂತ ತಿಳಿಯಿರಿ.

3. "ಈ ಪ್ರೊಸೆಸರಿಗೆ ಆಗದು" ಅಂತ ಬಂದರೆ

ಪ್ರೊಸೆಸರ್‌ಗಳಲ್ಲಿ 32 ಬಿಟ್, 64 ಬಿಟ್ ಅಂತ ಎರಡು ಬಗೆ. ಪೆಂಟಿಯಂ 4ರಲ್ಲಿ ಮೊದಮೊದಲು ಬಂದವು 32 ಬಿಟ್. 2006ರಲ್ಲಿ ಬಂದ ಕೋರ್ 2 ಡ್ಯುಯೋ 64 ಬಿಟ್. 32ರ ಯಂತ್ರಕ್ಕೆ 64ರ ಡಿಸ್ಕ್ ಹಾಕಿದರೆ ಅದು ನೇರವಾಗಿ ಆಗಲ್ಲ ಅನ್ನುತ್ತದೆ. ಯಂತ್ರ ಕೆಟ್ಟಿಲ್ಲ, ಡಿಸ್ಕ್ ಬೇರೆ ಬೇಕು ಅಷ್ಟೆ. 2025ರಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಡಿಸ್ಕ್ ಇಲ್ಲ. 2023ರ ಡೆಬಿಯನ್ 12ಕ್ಕೆ ಇದೆ. ಅದನ್ನೇ ತರಬೇಕು.

4. ನಡುವೆ ನಿಂತುಹೋದರೆ

ಇಲ್ಲೇ ಬುದ್ಧಿ ಓಡಿಸಬೇಕಾದ್ದು. ಎರಡು ಮೂರು ಸಲ ಮಾಡಿ ನೋಡಿ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಡಿಸ್ಕಿನ ಪ್ರತಿ, ಅದನ್ನು ಓದುವ ಡ್ರೈವ್ ಅಥವಾ ಹಾರ್ಡ್ ಡಿಸ್ಕಿನ ಮೇಲೆ ಅನುಮಾನ ಪಡಿ. ಒಂದೊಂದು ಸಲ ಒಂದೊಂದು ಜಾಗದಲ್ಲಿ ನಿಂತರೆ ರ್‍ಯಾಮ್ ಅಥವಾ ಬಿಸಿಯ ಮೇಲೆ ಅನುಮಾನ ಪಡಿ. ರ್‍ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86+ ಅನ್ನುವ ಉಚಿತ ತಂತ್ರಾಂಶ ಇದೆ. ಫ್ಯಾನಿನ ಧೂಳನ್ನೂ ತೆಗೆಯಿರಿ.

ಒಳಗೆ ಏನು ನಡೆಯುತ್ತಿದೆ ಅಂತ ಕಾಣಲು, ಅಕ್ಷರದ ಪರದೆಯಲ್ಲಿ ಆಲ್ಟ್ ಮತ್ತು ಎಫ್ 4 ಒಟ್ಟಿಗೆ ಒತ್ತಿ. ಯಂತ್ರ ಬರೆದುಕೊಂಡ ಸಾಲುಗಳು ಕಾಣುತ್ತವೆ. ಆಲ್ಟ್ ಮತ್ತು ಎಫ್ 1 ಒತ್ತಿದರೆ ವಾಪಸ್. ಅಂದಹಾಗೆ, "ಗ್ರಾಫಿಕಲ್ ಇನ್‌ಸ್ಟಾಲ್" ಆರಿಸಿದರೆ ಭಾಷೆಗಳ ಪಟ್ಟಿಯಲ್ಲಿ ನಮ್ಮ ಕನ್ನಡವೂ ಇದೆ. ಅಕ್ಷರದ ಪರದೆಯಲ್ಲಿ ಮಾತ್ರ ಸಿಗೋದಿಲ್ಲ.

5. ಎಲ್ಲಾ ಮುಗಿದ ಮೇಲೆ ಕಪ್ಪು ಪರದೆ ಬಂದರೆ

ಚಿತ್ರ ತೋರಿಸುವ ಭಾಗಕ್ಕೂ ಲಿನಕ್ಸಿಗೂ ಹೊಂದಿಕೆ ಆಗಿಲ್ಲದಿರಬಹುದು. ಶುರುವಿನ ಗ್ರಬ್ ಪಟ್ಟಿಯಲ್ಲಿ "ಇ" ಅಕ್ಷರದ ಕೀ ಒತ್ತಿ. "ಲಿನಕ್ಸ್" ಅಂತ ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು "ನೋಮೋಡ್‌ಸೆಟ್" ಅಂತ ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಬರೆದು ಎಫ್ 10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ. ಪರದೆ ಬಂದರೆ ಕಾರಣ ಸಿಕ್ಕಿತು ಅಂತ ಅರ್ಥ. ಆಮೇಲೆ ಗ್ರಬ್‌ನ ಕಡತದಲ್ಲಿ ಅದನ್ನು ಖಾಯಂ ಮಾಡಬಹುದು.

ಪರದೆ ಬಂದರೂ ಯಂತ್ರ ತೆವಳುತ್ತಿದ್ದರೆ ಮೇಜಿನ ಅಲಂಕಾರ ಭಾರವಾಗಿದೆ. ಗ್ನೋಮ್ ಬಿಟ್ಟು ಎಲ್‌ಎಕ್ಸ್‌ಡಿಇ ಅಥವಾ ಎಕ್ಸ್‌ಎಫ್‌ಸಿಇ ಆರಿಸಿಕೊಳ್ಳಿ. ಅದಕ್ಕೂ 1 ಜಿ.ಬಿ. ರ್‍ಯಾಮ್ ಇದ್ದರೆ ಒಳ್ಳೇದು.

ಒಂದು ನಿಯಮ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ರ್‍ಯಾಮ್, ಕೇಬಲ್, ಡಿಸ್ಕ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಂತ್ರ ಎದ್ದರೂ ಯಾವುದರಿಂದ ಎದ್ದಿತು ಅಂತ ತಿಳಿಯೋದಿಲ್ಲ. ನಾವು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೀಚಿದೆವು: ಯಾವ ಯಂತ್ರ, ಎಲ್ಲಿ ನಿಂತಿತು, ಏನು ಬದಲಿಸಿದೆವು. ಗಣಿತದಲ್ಲಿ ಹಂತ ಬರೆದರೆ ತಪ್ಪು ಎಲ್ಲಿದೆ ಅಂತ ಕಾಣೋ ಹಾಗೆ ಇಲ್ಲೂ ಕಾಣುತ್ತದೆ.

ನಮ್ಮ ನಾಲ್ಕರಲ್ಲಿ ಮೂರು ಯಂತ್ರಗಳು ಈಗ ನಡೆಯುತ್ತಿವೆ. ನಾಲ್ಕನೆಯದರ ಮದರ್‌ಬೋರ್ಡೇ ಹೋಗಿತ್ತು. ಅದರ ರ್‍ಯಾಮ್ ಈಗ ಮೂರನೆಯದರಲ್ಲಿದೆ. ಇವುಗಳಲ್ಲಿ ದೊಡ್ಡ ದೊಡ್ಡ ವೆಬ್ ಪುಟ, ವಿಡಿಯೋ ನಿಧಾನ. ಆದರೆ ಟೈಪಿಂಗ್, ಲೆಕ್ಕದ ಹಾಳೆ, ಪ್ರೋಗ್ರಾಂ ಬರೆಯುವ ಅಭ್ಯಾಸಕ್ಕೆ ಧಾರಾಳ ಸಾಕು. ಒಂದು ಯಂತ್ರ ಕಡಿಮೆಯಾದರೆ ಅದರ ಮುಂದೆ ಕೂರಬೇಕಾದ ಮಕ್ಕಳು ಹಿಂದೆ ನಿಂತು ಇಣುಕಿ ನೋಡಬೇಕಾಗುತ್ತದೆ.

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ ಹಿರಿಯರು. ಗುಜರಿ ಗಾಡಿ ಕರೆಯುವ ಮೊದಲು ಯಂತ್ರವನ್ನು ಒಮ್ಮೆ ಆನ್ ಮಾಡಿ, ಎಲ್ಲಿ ನಿಂತಿತು ಅಂತ ಬರೆದುಕೊಳ್ಳಿ. ಬರೆದ ಚೀಟಿ ತಂದರೆ ಶನಿವಾರ ಲ್ಯಾಬಿನಲ್ಲಿ ಕೂತು ನೋಡೋಣ.