ಅಜ್ಜನ ಕಾಲದ ಚಟವೇ?

"ಸ್ವಾಮಿ, ಇದು ನಮ್ಮ ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. ಬಿಡೋದು ಹೇಗೆ?" ಬೀಡಿ, ಸಿಗರೇಟು, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಇವುಗಳ ಮಾತೆತ್ತಿದಾಗಲೆಲ್ಲ ವಿಜಯನಗರದ ನಮ್ಮ ಮನೆಗಳಲ್ಲಿ ನಾನು ಕೇಳುವ ಉತ್ತರವಿದು. ಪ್ರಿಯ ಓದುಗರೇ, ಈ ಉತ್ತರ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಈ ವಾರ ಪರಿಶೀಲಿಸೋಣ.

ಹೊಗೆಸೊಪ್ಪಿನ ತವರು ಅಮೆರಿಕ. 1492ರ ನವೆಂಬರಿನಲ್ಲಿ ಕೊಲಂಬಸ್ ಕ್ಯೂಬಾ ದ್ವೀಪದ ಒಳನಾಡಿಗೆ ಇಬ್ಬರನ್ನು ಕಳುಹಿಸಿದ. ಅಲ್ಲಿನ ಜನರು ಸುರುಳಿ ಸುತ್ತಿದ ಎಲೆಗೆ ಬೆಂಕಿ ತಾಗಿಸಿ ಹೊಗೆ ಸೇದುವುದನ್ನು ಅವರು ಕಂಡರು. ಇಂದಿನ ಚುಟ್ಟಾದ ಮೂಲರೂಪ ಅದೇ. 1560ರಲ್ಲಿ ಪೋರ್ಚುಗಲ್‌ನಲ್ಲಿದ್ದ ಫ್ರೆಂಚ್ ರಾಯಭಾರಿ ಜಾನ್ ನಿಕೋ ಇದನ್ನು ಔಷಧವೆಂದು ನಂಬಿ ತನ್ನ ದೇಶದ ಅರಮನೆಗೆ ಕಳುಹಿಸಿದ. ನಿಕೋಟಿನ್ ಎಂಬ ವಿಷಕ್ಕೆ ಅವನ ಹೆಸರೇ ನಿಂತಿತು.

ಭಾರತಕ್ಕೆ ಇದನ್ನು ತಂದವರು ಪೋರ್ಚುಗೀಸರು. ಅವರ ಹಡಗುಗಳಲ್ಲಿ ಮೆಣಸಿನಕಾಯಿ ಬಂತು, ಗೋಡಂಬಿ ಬಂತು. ಶುಭಸಂದೇಶ ಸಾರುವ ಗುರುಗಳೂ ಬಂದರು. ಅದೇ ಹಡಗುಗಳಲ್ಲಿ ಹೊಗೆಸೊಪ್ಪೂ ಬಂತು.

ಉತ್ತರ ಭಾರತದ ದೊರೆಯ ಆಸ್ಥಾನಕ್ಕೆ ಅದು ಹೋದದ್ದು ನಮ್ಮ ಬಿಜಾಪುರದಿಂದ. ಸುಮಾರು 1604ರಲ್ಲಿ ಅಕ್ಬರನ ಕಡೆಯಿಂದ ಆದಿಲ್‌ಶಾಹಿ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗ್ ಎಂಬಾತ ಇಲ್ಲಿ ಹೊಗೆಸೊಪ್ಪನ್ನು ಕಂಡು, ಅಂದವಾದ ಕೊಳವೆಯೊಂದಿಗೆ ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ಪರೀಕ್ಷೆ ಮಾಡದ ಪದಾರ್ಥ ಬೇಡವೆಂದು ವೈದ್ಯ ತಡೆದ. ಅಕ್ಬರ್ ಕುತೂಹಲಕ್ಕೆ ಒಂದೆರಡು ಸಲ ಸೇದಿ ಕೆಳಗಿಟ್ಟ. ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಆದರೆ ಅಸದ್ ಬೇಗ್ ಅದನ್ನು ಸರದಾರರಿಗೂ ಹಂಚಿದ. ಅವರಿಗೆ ಇನ್ನಷ್ಟು ಬೇಕಾಯಿತು, ವರ್ತಕರು ಮಾರಾಟ ಆರಂಭಿಸಿದರು. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸಿದರೂ ಚಟ ನಿಲ್ಲಲಿಲ್ಲ.

ನಮ್ಮ ಧರ್ಮಸಭೆಯೂ ಇದರೊಡನೆ ಹೆಣಗಿದೆ. ಸ್ಪೇನಿನ ಸೆವಿಲ್ ಧರ್ಮಪ್ರಾಂತ್ಯದಲ್ಲಿ ಗುರುಗಳೂ ಸಹ ದೇವಾಲಯದೊಳಗೆ ಹೊಗೆಸೊಪ್ಪು ಬಳಸುತ್ತಿದ್ದಾರೆಂಬ ದೂರು ಬಂದಾಗ, 1642ರಲ್ಲಿ ಪೋಪ್ ಎಂಟನೇ ಅರ್ಬನ್‌ರವರು ಅದನ್ನು ನಿಷೇಧಿಸಿ, ಮೀರಿದವರಿಗೆ ಬಹಿಷ್ಕಾರ ವಿಧಿಸಿದರು. ಅಂದಿನ ಚಿಂತೆ ದೇವಾಲಯದ ಗೌರವ. ದೇಹಕ್ಕಾಗುವ ಹಾನಿ ಆಗ ಸರಿಯಾಗಿ ತಿಳಿದಿರಲಿಲ್ಲ. ಇಂದು ತಿಳಿದಿದೆ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿಗೂ ಹೃದಯದ ಕಾಯಿಲೆಗೂ ಹೊಗೆಸೊಪ್ಪು ಕಾರಣ. 1992ರಲ್ಲಿ ಪ್ರಕಟವಾದ ಧರ್ಮೋಪದೇಶ ಗ್ರಂಥ, 2290ನೇ ಪರಿಚ್ಛೇದದಲ್ಲಿ, ಆಹಾರ, ಮದ್ಯ, ಹೊಗೆಸೊಪ್ಪು, ಔಷಧ ಇವುಗಳ ದುರ್ಬಳಕೆಯನ್ನು ಮಿತಸಂಯಮದ ಗುಣಕ್ಕೆ ವಿರುದ್ಧವೆಂದು ಎಣಿಸುತ್ತದೆ. ಪೋಪ್ ಫ್ರಾನ್ಸಿಸರು 2018ರಿಂದ ವ್ಯಾಟಿಕನ್ನಿನಲ್ಲಿ ಸಿಗರೇಟು ಮಾರಾಟವನ್ನೇ ನಿಲ್ಲಿಸಿದರು. ಅದರಿಂದ ಬರುತ್ತಿದ್ದ ಆದಾಯ ಸಣ್ಣದೇನಲ್ಲ. ಆದರೂ ಜನರ ಆರೋಗ್ಯ ಕೆಡಿಸುವ ಹಣ ಬೇಡವೆಂದರು.

ಹಾಗೆಂದು ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬ್ಯಾರನ್ ಮುಂದೆ ರಾತ್ರಿಯೆಲ್ಲ ಎದ್ದಿದ್ದು ಎಲೆ ಹದಮಾಡುವ ರೈತನನ್ನು, ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಿಯನ್ನು ನಾವು ಹೀಗಳೆಯಬಾರದು. ಅವರಿಗೆ ಬೇರೆ ಜೀವನೋಪಾಯ ದೊರೆಯಲೆಂದು ಪ್ರಾರ್ಥಿಸುವುದೂ ಅದಕ್ಕಾಗಿ ದನಿಯೆತ್ತುವುದೂ ನಮ್ಮ ಕರ್ತವ್ಯ.

ಈಗ ಮೊದಲಿನ ಮಾತಿಗೆ ಬರೋಣ. ಈ ಚಟ ನಮ್ಮ ನಾಡಿಗೆ ಬಂದು ನಾಲ್ಕು ಶತಮಾನಗಳಷ್ಟೇ ಆಗಿವೆ. ಅದು ಹರಡಿದ್ದು ಕೈಯಿಂದ ಕೈಗೆ, ಉಪಚಾರದ ಹೆಸರಿನಲ್ಲಿ. ಮನುಷ್ಯರು ಆರಂಭಿಸಿದ್ದನ್ನು ಮನುಷ್ಯರೇ ನಿಲ್ಲಿಸಬಹುದು. "ಹೋಗಿ ಒಂದು ಸಿಗರೇಟು ತಾ" ಎಂದು ಮಗನನ್ನು ಬೀಡಾ ಅಂಗಡಿಗೆ ಕಳುಹಿಸುವ ತಂದೆ ಅಸದ್ ಬೇಗನ ಕೆಲಸವನ್ನೇ ಮಾಡುತ್ತಿದ್ದಾನೆ. ಕರ್ನಾಟಕದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ಮಾರುವುದೂ ಬಿಡಿ ಸಿಗರೇಟು ಮಾರುವುದೂ ಅಪರಾಧ. ಆದರೆ ಕಾನೂನು ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತದೆ. ಮನೆಯೊಳಗೆ ಕಾಯಬೇಕಾದವರು ತಂದೆತಾಯಿಗಳು.

ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಬೋಧಿಸುತ್ತಾರೆ (1 ಕೊರಿಂಥ 6:19). ಬಿಡಲು ಯತ್ನಿಸಿ ಸೋತವರೇ, ಧೈರ್ಯಗೆಡಬೇಡಿ. ನಿಕೋಟಿನ್ ಮನಸ್ಸನ್ನಷ್ಟೇ ಅಲ್ಲ, ಶರೀರವನ್ನೂ ಕಟ್ಟಿಹಾಕುತ್ತದೆ. ಪ್ರಾರ್ಥನೆಯ ಜೊತೆಗೆ ವೈದ್ಯರ ನೆರವನ್ನೂ ಪಡೆಯಿರಿ. ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಇದಕ್ಕೆ ಚಿಕಿತ್ಸೆಯಿದೆ. ವೈದ್ಯರೂ ದೇವರು ಕೊಟ್ಟ ವರವೇ.

ಮನೆಮಂದಿ ಕೂಡಿ ಚಿಂತಿಸಲು:

1. ನಮ್ಮ ಮನೆಯಲ್ಲಿ ಈ ಚಟ ಯಾರ ಕೈಯಿಂದ ಯಾರ ಕೈಗೆ ಬಂತು?

2. ಮದುವೆ ಮನೆ, ಸಾವಿನ ಮನೆಗಳಲ್ಲಿ ಬೀಡಿ ಸಿಗರೇಟು ಹಂಚುವುದನ್ನು ನಾವು ನಿಲ್ಲಿಸಬಲ್ಲೆವೇ?

3. ಬಿಡಲು ಹೆಣಗುತ್ತಿರುವವರನ್ನು ಗದರಿಸುತ್ತೇವೆಯೋ, ಅವರಿಗಾಗಿ ಒಂದು ಜಪಸರ ಪ್ರಾರ್ಥಿಸುತ್ತೇವೆಯೋ?