ವಪೆಯ ಲಕ್ವ: ಹೃದಯ ಶಸ್ತ್ರಚಿಕಿತ್ಸೆಯ ಬಳಿಕ ಉಸಿರೇಕೆ ಸಾಲದು?

ನಾವು ನಿಮಿಷವೊಂದಕ್ಕೆ ಸುಮಾರು ೧೫ ಬಾರಿ ಉಸಿರಾಡುತ್ತೇವೆ. ಲೆಕ್ಕ ಹಾಕಿದರೆ ದಿನವೊಂದಕ್ಕೆ ೨೧,೬೦೦ ಉಸಿರುಗಳಾಗುತ್ತವೆ. ನಮ್ಮ ಯೋಗಗ್ರಂಥಗಳಲ್ಲಿಯೂ ಇದೇ ಸಂಖ್ಯೆ ಬರುತ್ತದೆ. ಎಡೆಬಿಡದ ಈ ದುಡಿಮೆಯನ್ನು ನಡೆಸುವವರಾರು? ಮೂಗಲ್ಲ, ಶ್ವಾಸಕೋಶಗಳೂ ಅಲ್ಲ. ತಾವಾಗಿಯೇ ಹಿಗ್ಗುವ ಶಕ್ತಿ ಶ್ವಾಸಕೋಶಗಳಿಗಿಲ್ಲ. ಕಮ್ಮಾರನ ತಿದಿ ತಾನಾಗಿ ಗಾಳಿಯನ್ನು ಎಳೆದುಕೊಳ್ಳದು. ಅದನ್ನು ಆಡಿಸುವ ಕೈಯೊಂದು ಬೇಕು. ನಮ್ಮ ದೇಹದಲ್ಲಿ ಆ ಕೈಯ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ವಪೆ.

ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಬಾಗಿ ನಿಂತಿರುವ ತೆಳುವಾದ ಮಾಂಸದ ಹಾಳೆಯೇ ವಪೆ. ಇದು ಸಂಕುಚಿಸಿದಾಗ ಗುಮ್ಮಟವು ತಗ್ಗುತ್ತದೆ; ಎದೆಗೂಡಿನ ಒಳಜಾಗ ಹೆಚ್ಚಿ ಗಾಳಿ ಒಳನುಗ್ಗುತ್ತದೆ. ಸಡಿಲಿದಾಗ ಗುಮ್ಮಟವು ಮೇಲೇರಿ ಗಾಳಿ ಹೊರಬೀಳುತ್ತದೆ. ವಪೆಯು ತಟಕ್ಕನೆ ಸೆಟೆದುಕೊಂಡರೆ ಬರುವುದೇ ನಾವೆಲ್ಲ ಬಲ್ಲ ಬಿಕ್ಕಳಿಕೆ.

ವಪೆಗೆ ಅಪ್ಪಣೆಯನ್ನು ತರುವ ನರಗಳು ಎರಡು: ಬಲಭಾಗಕ್ಕೆ ಒಂದು, ಎಡಭಾಗಕ್ಕೆ ಒಂದು. ಇವುಗಳಿಗೆ ಫ್ರೆನಿಕ್ ನರಗಳೆಂದು ಹೆಸರು. ಇವು ಹುಟ್ಟುವುದು ಎದೆಯಲ್ಲಲ್ಲ, ಕುತ್ತಿಗೆಯಲ್ಲಿ. ಮಿದುಳುಬಳ್ಳಿಯ ೩, ೪ ಮತ್ತು ೫ನೆಯ ಕುತ್ತಿಗೆಯ ನರಬೇರುಗಳಿಂದ. ಭ್ರೂಣದಲ್ಲಿ ವಪೆಯು ಮೊದಲು ಕುತ್ತಿಗೆಯ ಮಟ್ಟದಲ್ಲಿ ರೂಪುಗೊಂಡು, ಬಳಿಕ ಕೆಳಗಿಳಿಯುತ್ತ ತನ್ನ ನರವನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಆದುದರಿಂದಲೇ ಈ ನರದ ದಾರಿ ಇಷ್ಟು ಉದ್ದವಾಯಿತು. ದಾರಿಯಲ್ಲಿ ಅದು ಹೃದಯದ ಹೊದಿಕೆಗೆ ಅಂಟಿಕೊಂಡೇ ಸಾಗುತ್ತದೆ. ನಮ್ಮ ವಿಷಯದ ಗಂಟು ಇರುವುದು ಇಲ್ಲಿಯೇ.

೧೯೫೩ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಎಂಬ ಶಸ್ತ್ರವೈದ್ಯನು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ತೆರೆದ ಹೃದಯದೊಳಗಿನ ರಂಧ್ರವನ್ನು ಮುಚ್ಚುವುದರಲ್ಲಿ ಯಶಸ್ವಿಯಾದನು. ನಿಂತಿರುವ ಹೃದಯಕ್ಕೆ ಆಮ್ಲಜನಕದ ಬೇಡಿಕೆ ಕಡಿಮೆಯಾಗಬೇಕಾದರೆ ಅದನ್ನು ತಂಪಾಗಿಡಬೇಕು. ಇದಕ್ಕಾಗಿ ತಣ್ಣನೆಯ ಉಪ್ಪುನೀರನ್ನೂ, ಮುಂದೆ ಪುಡಿಮಾಡಿದ ಮಂಜನ್ನೂ ಹೃದಯದ ಸುತ್ತ ತುಂಬುವ ಪದ್ಧತಿ ಬಂದಿತು. ಆದರೆ ಹೃದಯವನ್ನು ಕಾಪಾಡಿದ ಆ ಮಂಜೇ ಪಕ್ಕದಲ್ಲಿರುವ ನರವನ್ನು, ವಿಶೇಷವಾಗಿ ಎಡಭಾಗದ ನರವನ್ನು, ಮರಗಟ್ಟಿಸಬಲ್ಲುದು. ಅತಿಯಾದ ಚಳಿಯಿಂದ ನರತಂತುಗಳ ಹೊದಿಕೆ ಕೆಡುತ್ತದೆ. ಅಪ್ಪಣೆಯು ವಪೆಯನ್ನು ಮುಟ್ಟುವುದಿಲ್ಲ.

ಇನ್ನೊಂದು ಕಾರಣವೂ ಉಂಟು. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಬದಲಿ ದಾರಿ ಮಾಡಲು, ಎದೆಮೂಳೆಯ ಅಂಚಿನುದ್ದಕ್ಕೂ ಒಳಬದಿಯಲ್ಲಿ ಇಳಿಯುವ ಒಂದು ಅಪಧಮನಿಯನ್ನು ಬಿಡಿಸಿಕೊಳ್ಳುವುದು ಇಂದು ವಾಡಿಕೆ. ಮೊದಲನೆಯ ಪಕ್ಕೆಲುಬಿನ ಬಳಿ ಫ್ರೆನಿಕ್ ನರವು ಈ ಅಪಧಮನಿಗೆ ತೀರ ಸಮೀಪದಲ್ಲಿ ಹಾಯುತ್ತದೆ. ನರಕ್ಕೆ ರಕ್ತವನ್ನು ಊಡುವ ಸಣ್ಣ ನಾಳವೂ ಇದರದೇ ಕವಲು. ಅಲ್ಲಿ ನರವು ಎಳೆತಕ್ಕೆ ಅಥವಾ ಶಾಖಕ್ಕೆ ಸಿಕ್ಕಬಹುದು, ಇಲ್ಲವೆ ಅದರ ರಕ್ತಪೂರೈಕೆ ಕುಂದಬಹುದು.

ಒಂದು ಭಾಗದ ವಪೆ ಮಾತ್ರ ಸ್ತಬ್ಧವಾದರೆ, ಆರೋಗ್ಯವಾದ ಶ್ವಾಸಕೋಶವುಳ್ಳವನು ಸುಮ್ಮನೆ ಕುಳಿತಿರುವಾಗ ಅದನ್ನು ಗಮನಿಸದೆಯೂ ಇರಬಹುದು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕ್ಷಯರೋಗಿಗಳ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡಲೆಂದು ವೈದ್ಯರು ಈ ನರವನ್ನು ಬೇಕೆಂದೇ ಜಜ್ಜುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ ವಯಸ್ಸಾದವರಲ್ಲಿ, ಸ್ಥೂಲದೇಹಿಗಳಲ್ಲಿ, ಬಹುಕಾಲ ಧೂಮಪಾನ ಮಾಡಿ ಶ್ವಾಸಕೋಶ ಕೆಟ್ಟವರಲ್ಲಿ ಅದೇ ನಷ್ಟವು ದೊಡ್ಡದಾಗುತ್ತದೆ. ಮೆಟ್ಟಿಲೇರಿದರೆ ಏದುಸಿರು, ಬಗ್ಗಿದರೆ ಉಸಿರು ಕಟ್ಟಿದಂತೆ. ಎರಡು ಭಾಗಗಳೂ ಸ್ತಬ್ಧವಾದರಂತೂ ರೋಗಿಯನ್ನು ಉಸಿರಾಟದ ಯಂತ್ರದಿಂದ ಬಿಡಿಸುವುದೇ ಕಷ್ಟ.

ಈ ತೊಡಕಿನ ಮುಖ್ಯ ಗುರುತು, ಅಂಗಾತ ಮಲಗಿದಾಗ ಉಸಿರು ಸಾಲದಿರುವುದು. ನಿಂತಾಗ ಹೊಟ್ಟೆಯ ಅಂಗಗಳು ತಮ್ಮ ಭಾರದಿಂದ ಕೆಳಗೆ ಜಗ್ಗುತ್ತವೆ. ಮಲಗಿದಾಗ ಅವು ಸಡಿಲವಾದ ವಪೆಯನ್ನು ಎದೆಯೊಳಕ್ಕೆ ತಳ್ಳುತ್ತವೆ. ಕನಸು ಕಾಣುವ ನಿದ್ರೆಯಲ್ಲಿ ಪಕ್ಕೆಲುಬುಗಳ ಸ್ನಾಯುಗಳೂ ಸಡಿಲಗೊಳ್ಳುವುದರಿಂದ ಉಸಿರಾಟದ ಭಾರವೆಲ್ಲ ವಪೆಯ ಮೇಲೆಯೇ ಬೀಳುತ್ತದೆ. ಅದು ಸೋತಿದ್ದರೆ ನಿದ್ರೆ ಕೆಡುತ್ತದೆ. ಬೆಳಗ್ಗೆ ತಲೆನೋವು, ಹಗಲಲ್ಲಿ ತೂಕಡಿಕೆ ಬರುತ್ತವೆ. ಇದನ್ನು ಮನೆಯವರು ಶಸ್ತ್ರಚಿಕಿತ್ಸೆಯ ನಿಶ್ಶಕ್ತಿಯೆಂದೋ ರೋಗಿಯ ಅಂಜಿಕೆಯೆಂದೋ ಭಾವಿಸಿ ಸುಮ್ಮನಿರುವುದು ಸರಿಯಲ್ಲ. ಹೃದಯದ ದೌರ್ಬಲ್ಯ, ಎದೆಯಲ್ಲಿ ನೀರು ತುಂಬುವುದು, ನ್ಯುಮೋನಿಯ, ಶ್ವಾಸಕೋಶದಲ್ಲಿ ರಕ್ತದ ಹೆಪ್ಪು ಇವುಗಳಿಂದಲೂ ಉಸಿರು ಕಟ್ಟಬಹುದಾದ್ದರಿಂದ ಪರೀಕ್ಷೆಯು ಅವಶ್ಯ.

ಪರೀಕ್ಷೆಯ ವಿಧಾನಗಳು ಸರಳ. ಎಕ್ಸ್-ರೇ ಚಿತ್ರದಲ್ಲಿ ಸೋತ ಭಾಗದ ಗುಮ್ಮಟವು ಎತ್ತರದಲ್ಲಿ ಕಾಣುತ್ತದೆ. ಎಕ್ಸ್-ರೇ ಪರದೆಯ ಮುಂದೆ ರೋಗಿಯು ಮೂಗಿನಿಂದ ರಭಸವಾಗಿ ಗಾಳಿಯನ್ನು ಸೆಳೆದರೆ, ಆರೋಗ್ಯವಾದ ಭಾಗವು ಕೆಳಗಿಳಿಯುವಾಗ ಸೋತ ಭಾಗವು ಮೇಲೇರುತ್ತದೆ. ಎದೆಯೊಳಗಿನ ಸೆಳೆತಕ್ಕೆ ಅದು ಬರಿಯ ಬಟ್ಟೆಯಂತೆ ವಶವಾಗುತ್ತದೆ. ಇಂದು ಅಲ್ಟ್ರಾಸೌಂಡ್ ಉಪಕರಣದಿಂದ ವಪೆಯ ಚಲನೆಯನ್ನೂ, ಉಸಿರೆಳೆದಾಗ ಅದು ದಪ್ಪವಾಗುವುದನ್ನೂ ಹಾಸಿಗೆಯ ಬಳಿಯಲ್ಲಿಯೇ ನೋಡಬಹುದು. ಕುಳಿತು ಊದಿದ ಗಾಳಿಯನ್ನೂ ಮಲಗಿ ಊದಿದ ಗಾಳಿಯನ್ನೂ ಅಳೆದು ಹೋಲಿಸುವುದು ಇನ್ನೊಂದು ಕ್ರಮ. ಆರೋಗ್ಯವಂತರಲ್ಲಿ ವ್ಯತ್ಯಾಸವು ಅಲ್ಪ. ಎರಡು ಭಾಗಗಳೂ ಸೋತವರಲ್ಲಿ ಅದು ಮೂರನೆಯ ಒಂದು ಪಾಲನ್ನು ಮೀರಬಹುದು.

ಸಮಾಧಾನದ ಸಂಗತಿಯೆಂದರೆ, ಕಡಿದುಹೋಗದ ನರವು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಹೊದಿಕೆ ಮಾತ್ರ ಕೆಟ್ಟಿದ್ದರೆ ಕೆಲವು ವಾರ ಅಥವಾ ತಿಂಗಳುಗಳು ಸಾಕು. ಒಳತಂತುವೇ ಮುರಿದಿದ್ದರೆ ಅದು ದಿನಕ್ಕೆ ಸುಮಾರು ೧ ಮಿಲಿಮೀಟರ್‌ನಂತೆ ಬೆಳೆಯಬೇಕು. ಗಾಯದ ಎಡೆಯಿಂದ ವಪೆಗೆ ೨೦ ಸೆಂಟಿಮೀಟರ್ ದೂರವಿದ್ದರೆ ೨೦೦ ದಿನಗಳು ಬೇಕೆಂದಾಯಿತು. ಅಲ್ಲಿಯವರೆಗೆ ತಲೆಯ ಭಾಗವನ್ನು ಎತ್ತರಿಸಿ ಮಲಗುವುದು, ವೈದ್ಯರು ಕಲಿಸಿದ ಉಸಿರಾಟದ ವ್ಯಾಯಾಮ, ಅವಶ್ಯವಾದರೆ ರಾತ್ರಿ ಮುಖವಾಡದ ಮೂಲಕ ಗಾಳಿಯನ್ನು ಒತ್ತುವ ಯಂತ್ರ ಇವು ನೆರವಾಗುತ್ತವೆ. ಬಹುಕಾಲ ಕಾದರೂ ಗುಣ ಕಾಣದೆ ತೊಂದರೆ ಉಳಿದರೆ, ಜೋಲುಬಿದ್ದ ವಪೆಯನ್ನು ಮಡಿಕೆ ಹಾಕಿ ಹೊಲಿದು ಬಿಗಿಗೊಳಿಸುತ್ತಾರೆ. ಆ ಭಾಗವು ಮತ್ತೆ ದುಡಿಯದಿದ್ದರೂ ಮೇಲೇರಿ ಶ್ವಾಸಕೋಶವನ್ನು ಅದುಮುವುದು ತಪ್ಪುತ್ತದೆ.

ಬರದಂತೆ ತಡೆಯುವುದು ಇದಕ್ಕಿಂತ ಮೇಲು. ಮಂಜಿನ ಬದಲು ತಂಪಾದ ದ್ರಾವಣವನ್ನು ಹೃದಯದ ರಕ್ತನಾಳಗಳೊಳಕ್ಕೇ ಹರಿಸುವುದು, ಮಂಜನ್ನು ಬಳಸಲೇಬೇಕಾದರೆ ನರಕ್ಕೆ ಚಳಿ ತಾಗದಂತೆ ನಡುವೆ ಮೆತ್ತೆಯನ್ನಿಡುವುದು, ಅಪಧಮನಿಯನ್ನು ಬಿಡಿಸುವಾಗ ನರವನ್ನು ಕಣ್ಣಾರೆ ಗುರುತಿಸಿಕೊಳ್ಳುವುದು ಇವು ಶಸ್ತ್ರವೈದ್ಯರ ಎಚ್ಚರಿಕೆಗಳು. ರೋಗಿಯ ಪಾಲಿನ ಎಚ್ಚರಿಕೆ ಒಂದೇ: ಮನೆಗೆ ಬಂದ ಮೇಲೆ ಮಲಗಿದಾಗ ಉಸಿರು ಸಾಲದೆ ಎದ್ದು ಕೂರುವಂತಾದರೆ, ಅದನ್ನು ಮುಚ್ಚಿಡದೆ ವೈದ್ಯರಿಗೆ ಕೂಡಲೆ ತಿಳಿಸಬೇಕು.