ಗುಣವಾಚಕಗಳ ವೈರುಧ್ಯ ಮತ್ತು ತಾರತಮ್ಯ: ಎಸ್ಪೆರಾಂಟೋ ಭಾಷೆಯ ಒಂದು ವಿಚಾರ

ಹಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆನು. ‘ಬಿಸಿ’ ಎಂಬುದಕ್ಕೆ ವಿರುದ್ಧಾರ್ಥಕ ಪದವನ್ನು ಬರೆಯಿರಿ ಎಂಬ ಪ್ರಶ್ನೆಗೆ ಒಬ್ಬ ಬಾಲಕನು ‘ಅಬಿಸಿ’ ಎಂದು ಬರೆದಿದ್ದನು. ಸಂಸ್ಕೃತದ ನಿಷೇಧಾರ್ಥಕವನ್ನು ಅಚ್ಚಗನ್ನಡ ಪದಕ್ಕೆ ಹತ್ತಿಸಿದ ಈ ಅರಿಸಮಾಸಕ್ಕೆ ಕೆಂಪು ಮಸಿಯಿಂದ ದಪ್ಪ ಗೆರೆ ಎಳೆದೆನು. ಮರುದಿನ ಅವನು ಎದ್ದು ನಿಂತು, “ಸತ್ಯಕ್ಕೆ ಅಸತ್ಯ, ನ್ಯಾಯಕ್ಕೆ ಅನ್ಯಾಯ ಆಗುವುದಾದರೆ ಬಿಸಿಗೆ ಅಬಿಸಿ ಏಕಾಗಬಾರದು, ಪಂಡಿತರೆ?” ಎಂದು ಕೇಳಿದನು. ಕುಳಿತುಕೊ ಎಂದು ಗದರಿದೆನೇ ಹೊರತು ಉತ್ತರ ಕೊಡಲಿಲ್ಲ. ಎಸ್ಪೆರಾಂಟೋ ಎಂಬ ಕೃತಕ ಭಾಷೆಯ ವ್ಯಾಕರಣವನ್ನು ಮುಂದೆ ಓದಿದಾಗ, ಆ ಬಾಲಕನ ಪ್ರಶ್ನೆಯ ಮೇಲೆಯೇ ಒಂದು ಭಾಷೆಯ ಅರ್ಧ ಪದಕೋಶ ನಿಂತಿರುವುದು ಕಂಡುಬಂದಿತು.

ಈ ಭಾಷೆಯನ್ನು ರಚಿಸಿದವರು ಡಾಕ್ಟರ್ ಲುಡ್ವಿಕ್ ಝಾಮೆನ್‌ಹೋಫ್. ರಷ್ಯನರು, ಪೋಲರು, ಜರ್ಮನರು, ಯೆಹೂದ್ಯರು ಬೇರೆಬೇರೆ ನುಡಿಗಳನ್ನಾಡುತ್ತ ಪರಸ್ಪರ ಶಂಕೆಯಿಂದ ಬಾಳುತ್ತಿದ್ದ ಬ್ಯಾಲಿಸ್ಟಾಕ್ ನಗರದಲ್ಲಿ ೧೮೫೯ರಲ್ಲಿ ಜನಿಸಿದರು, ವೃತ್ತಿಯಿಂದ ನೇತ್ರವೈದ್ಯರು. ಎಲ್ಲರಿಗೂ ಸಮಾನವಾದ, ಶೀಘ್ರವಾಗಿ ಕಲಿಯಬಹುದಾದ ಭಾಷೆಯೊಂದನ್ನು ೧೮೮೭ರಲ್ಲಿ ವಾರ್ಸಾದಲ್ಲಿ ಪ್ರಕಟಿಸಿದರು. ಆ ಮೊದಲ ಪುಸ್ತಕದಲ್ಲಿದ್ದ ಧಾತುಗಳು ಸುಮಾರು ೯೦೦. ಇಷ್ಟರಿಂದಲೇ ಲೋಕವ್ಯವಹಾರ ನಡೆಯಬೇಕಾದರೆ ಪದಮಿತವ್ಯಯ ಅನಿವಾರ್ಯ. ಆದುದರಿಂದ ‘ಮಾಲ್’ ಎಂಬ ಒಂದೇ ಉಪಸರ್ಗದಿಂದ ವಿರುದ್ಧಾರ್ಥವನ್ನು ಸಾಧಿಸಿದರು. ‘ಬೋನ’ ಒಳ್ಳೆಯದು, ‘ಮಾಲ್‌ಬೋನ’ ಕೆಟ್ಟದು. ‘ಗ್ರಾಂಡ’ ದೊಡ್ಡದು, ‘ಮಾಲ್‌ಗ್ರಾಂಡ’ ಚಿಕ್ಕದು. ‘ವಾರ್ಮ’ ಬಿಸಿ, ‘ಮಾಲ್‌ವಾರ್ಮ’ ತಣ್ಣನೆಯದು. ನಮ್ಮ ಬಾಲಕನ ‘ಅಬಿಸಿ’ ಇದೇ ಅಲ್ಲವೆ!

ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ನಮ್ಮ ವೈಯಾಕರಣರು ‘ನಞ್’ ಎಂಬ ನಿಷೇಧಕ್ಕೆ ಆರು ಅರ್ಥಗಳನ್ನು ಹೇಳುವರು: ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತೆ, ಅಪ್ರಾಶಸ್ತ್ಯ, ವಿರೋಧ. ‘ಅಪಾಪ’ ಎಂದರೆ ಪಾಪವಿಲ್ಲದಿರುವಿಕೆ. ‘ಅನಶ್ವ’ ಎಂದರೆ ಕುದುರೆಯಲ್ಲದ ಬೇರೊಂದು. ‘ಅಧರ್ಮ’ ಎಂದರೆ ಧರ್ಮಕ್ಕೆ ಎದುರಾದದ್ದು. ‘ಅನುದರೆ’ ಎಂದಾಗಲಂತೂ ಹೊಟ್ಟೆಯೇ ಇಲ್ಲದವಳಲ್ಲ, ಕೃಶೋದರಿ. ಒಂದೇ ಅಕ್ಷರ ಇಷ್ಟೆಲ್ಲ ಹೊರೆಯನ್ನು ಹೊರುವುದರಿಂದ ಸಂದರ್ಭವೇ ನಮಗೆ ಗತಿ. ಝಾಮೆನ್‌ಹೋಫ್ ಈ ಹೊರೆಯನ್ನು ಹಂಚಿದರು. ‘ನೆ’ ಎಂಬುದು ಬರಿಯ ನಿಷೇಧ, ‘ಸೆನ್’ ಅಭಾವ, ‘ಮಾಲ್’ ವಿರೋಧ. ಒಳ್ಳೆಯದಲ್ಲದ್ದೆಲ್ಲ ಕೆಟ್ಟದ್ದೇ ಆಗಬೇಕೆಂಬ ನಿಯಮವಿಲ್ಲವಾಗಿ ‘ನೆಬೋನ’ ಬೇರೆ, ‘ಮಾಲ್‌ಬೋನ’ ಬೇರೆ. ‘ಲೂಮೋ’ ಎಂದರೆ ಬೆಳಕು. ‘ಸೆನ್‌ಲೂಮ’ ಎಂದರೆ ಬೆಳಕಿಲ್ಲದ. ‘ಮಾಲ್‌ಲೂಮೋ’ ಎಂದರೆ ಕತ್ತಲೆ. ಕತ್ತಲೆ ತೇಜಸ್ಸಿನ ಅಭಾವಮಾತ್ರವೆಂದು ನೈಯಾಯಿಕರೂ, ಅಲ್ಲ, ಅದೇ ಒಂದು ದ್ರವ್ಯವೆಂದು ಭಾಟ್ಟಮೀಮಾಂಸಕರೂ ವಾದಿಸಿದ್ದನ್ನು ಬಲ್ಲವರಿಗೆ ಈ ಎರಡು ಉಪಸರ್ಗಗಳ ಭೇದ ಕೂಡಲೇ ರುಚಿಸುವುದು.

ಇನ್ನು ತಾರತಮ್ಯ. ‘ಎಗ್’ ಪ್ರತ್ಯಯ ಗುಣವನ್ನು ಹಿಗ್ಗಿಸುವುದು, ‘ಎಟ್’ ಕುಗ್ಗಿಸುವುದು. ಸುಡುವಂಥದು ‘ವಾರ್ಮೆಗ’, ಬಿಸಿ ‘ವಾರ್ಮ’, ಉಗುರುಬೆಚ್ಚಗಿನದು ‘ವಾರ್ಮೆಟ’. ಕೆಳಗಿಳಿದರೆ ‘ಮಾಲ್‌ವಾರ್ಮೆಟ’, ‘ಮಾಲ್‌ವಾರ್ಮ’, ಕೊರೆಯುವ ಚಳಿಗೆ ‘ಮಾಲ್‌ವಾರ್ಮೆಗ’. ಒಂದು ಧಾತುವಿಗೆ ಆರು ಮೆಟ್ಟಿಲುಗಳು! ಆದರೆ ಎರಡೂ ಅಲ್ಲದ ನಟ್ಟನಡುವಿಗೆ ಇಲ್ಲಿ ಪ್ರತ್ಯಯವಿಲ್ಲ. ಅಮೆರಿಕದಲ್ಲಿ ೧೯೮೭ರಲ್ಲಿ ಆರಂಭವಾದ ಲೋಜ್ಬಾನ್ ಎಂಬ ತರ್ಕಭಾಷೆ ಆ ಸ್ಥಾನವನ್ನೂ ತುಂಬಿದೆ. ಅದರಲ್ಲಿ ‘ಮೆಲ್ಬಿ’ ಎಂದರೆ ಸುಂದರ, ‘ತೊಹೆ ಮೆಲ್ಬಿ’ ಕುರೂಪ, ‘ನೊಹೆ ಮೆಲ್ಬಿ’ ಸುಂದರವೂ ಅಲ್ಲದ ಕುರೂಪವೂ ಅಲ್ಲದ ಸಾಧಾರಣ. ಲೆಕ್ಕವೇನೋ ಚೊಕ್ಕವಾಗಿದೆ. ಆದರೂ ‘ತಂಪು’ ಎಂದಾಗ ಕನ್ನಡಿಗನಿಗಾಗುವ ಸುಖ, ‘ಚಳಿ’ ಎಂದಾಗ ಆಗುವ ನಡುಕ ಈ ಮೆಟ್ಟಿಲುಗಳಲ್ಲಿ ಎಲ್ಲಿಯೂ ಸಿಗದು. ಮಾಪನದಂಡ ಪ್ರಮಾಣವನ್ನು ಹೇಳೀತು, ಹಿತಾಹಿತವನ್ನು ಹೇಳದು.

‘ಮಾಲ್’ ಎಂಬುದು ಫ್ರೆಂಚರ ಕಿವಿಗೆ ‘ಕೆಟ್ಟ’ ಎಂದೇ ಕೇಳಿಸುವುದು. ಅದು ತಪ್ಪು ಗ್ರಹಿಕೆ. ‘ಆವಾರ’ ಎಂದರೆ ಜಿಪುಣ, ‘ಮಾಲಾವಾರ’ ಎಂದರೆ ಉದಾರಿ. ನಮ್ಮ ಅಹಿಂಸೆ, ಅಸ್ತೇಯಗಳಂತೆ ಇಲ್ಲಿಯೂ ಸದ್ಗುಣವೇ ಉಪಸರ್ಗವನ್ನು ಧರಿಸಿದೆ. ನನ್ನ ಆಕ್ಷೇಪ ಬೇರೆ. ಯಾವುದನ್ನು ಮೂಲವೆಂದು ಹಿಡಿಯುವುದು? ‘ರೀಚ’ ಎಂದರೆ ಸಿರಿವಂತ; ಬಡವನಿಗೆ ಸ್ವಂತದ ಹೆಸರಿಲ್ಲ, ಅವನು ‘ಮಾಲ್‌ರೀಚ’. ‘ಯೂನ’ ಎಂದರೆ ಎಳೆಯ. ಐವತ್ತು ದಾಟಿದ ನನ್ನಂಥವನು ‘ಮಾಲ್‌ಯೂನ’ ಎನಿಸಿಕೊಳ್ಳುವ ದಾರಿಯಲ್ಲಿದ್ದಾನೆ! ವೃದ್ಧಾಪ್ಯವೆಂದರೆ ಯೌವನದ ತಲೆಕೆಳಗಷ್ಟೆ ಎಂದು ಒಪ್ಪಲು ಮನಸ್ಸಾಗದು. ಎಸ್ಪೆರಾಂಟೋ ಕವಿಗಳಿಗೂ ಇದು ಸಾಲದೆ ಹೋಯಿತು; ‘ಓಲ್ಡ’ (ಮುದಿ), ‘ಕುರ್ಟ’ (ಗಿಡ್ಡ), ‘ಫ್ರಿಡ’ (ತಣ್ಣನೆಯ) ಮುಂತಾದ ಬಿಡಿ ಧಾತುಗಳನ್ನು ತಂದುಕೊಂಡರು. ೧೯೦೭ರಲ್ಲಿ ಸುಧಾರಣಾವಾದಿಗಳು ಕವಲೊಡೆಸಿದ ಇಡೋ ಭಾಷೆಯಲ್ಲಂತೂ ‘ಮಾಲ್’ ಉಪಸರ್ಗವೇ ಹೋಯಿತು.

ಎಲ್ಲೆಡೆಯೂ ಈ ಯಂತ್ರ ನಡೆಯದೆಂಬುದು ಝಾಮೆನ್‌ಹೋಫರಿಗೂ ತಿಳಿದಿತ್ತು. ಬದುಕು-ಸಾವು, ಕಪ್ಪು-ಬಿಳುಪು, ಉತ್ತರ-ದಕ್ಷಿಣಗಳಿಗೆ ಅವರು ಬೇರೆಬೇರೆ ಧಾತುಗಳನ್ನಿರಿಸಿದರು. ಸಿಹಿಗೆ ‘ದೋಲ್ಚ’, ಕಹಿಗೆ ‘ಅಮಾರ’. ರಸಗಳು ಆರು, ಎರಡೇ ತುದಿಗಳ ಕೋಲಿನ ಮೇಲೆ ಆರನ್ನೂ ಕೂರಿಸುವುದೆಂತು? ಸಿಹಿಗೆ ಎದುರು ಕಹಿಯೊ, ಹುಳಿಯೊ, ಸಪ್ಪೆಯೊ? ಇದನ್ನು ವಿದ್ಯಾರ್ಥಿಗಳು ತಮ್ಮ ನಾಲಿಗೆಯಿಂದಲೇ ವಿಚಾರಿಸಿ ನೋಡಲಿ. ನಾನಂತೂ ಪ್ರಶ್ನೆಪತ್ರಿಕೆಯಲ್ಲಿ ಸಿಹಿಯ ವಿರುದ್ಧಾರ್ಥಕವನ್ನು ಕೇಳುವುದನ್ನು ಬಿಟ್ಟಿದ್ದೇನೆ.